ಬೆರಳಕ್ಕನ ಖಾಲಿ ಕೈ

ಆ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಪ್ರಾಣ ಉಳಿಸಿಕೊಂಡು ಮನೆಗೆ ಮರಳಿದವರಲ್ಲಿ ಬಹುಪಾಲು ಜನ ಬೆರಳಕ್ಕನ ಮುಖವನ್ನು ಕಂಡವರೇ ಅಲ್ಲ. ಅವರು ಬರುವಾಗ ಅವರಿಗೆ ಎಚ್ಚರವಿರುತ್ತಿರಲಿಲ್ಲ. ಎಚ್ಚರವಾಗುವ ಹೊತ್ತಿಗೆ ಅವರನ್ನು ಬೇರೊಂದು ಮಹಡಿಗೆ ಸಾಗಿಸಿ ಆಗಿರುತ್ತಿತ್ತು. ಉಪಕಾರ ಮಾಡಿ ಗುರುತು ಹೇಳದೆ ಸರಿದು ನಿಲ್ಲುವವರ ಮೇಲೆ ದೇವರಿಗೆ ಹೆಚ್ಚಿನ ಅಕ್ಕರೆ ಎಂಬುದು ನಿಜವಾದರೆ, ಈ ಹಳೆಯ ನರ್ಸಿನ ಮೇಲೆ ಆತನ ಕಣ್ಣು ಸದಾ ನೆಟ್ಟಿರಬೇಕು.

ಬೆರಳಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಇಟ್ಟ ಹೆಸರು. ಉಸಿರಾಡಲಾರದೆ ಬಂದ ರೋಗಿಗೆ ವೈದ್ಯರು ಬಾಯಿಯ ಮೂಲಕ ಶ್ವಾಸನಾಳದೊಳಕ್ಕೆ ಒಂದು ನಳಿಕೆಯನ್ನು ಇಳಿಸುತ್ತಾರೆ. ಪ್ರಜ್ಞೆಯಿಲ್ಲದ ಆ ಹೊತ್ತಿನಲ್ಲಿ ಹೊಟ್ಟೆಯಲ್ಲಿರುವುದು ಮೇಲೇರಿ ಬಂದು ಶ್ವಾಸಕೋಶಕ್ಕೆ ನುಗ್ಗಿತೆಂದರೆ ಅನಾಹುತ. ಅದನ್ನು ತಡೆಯಲೆಂದು ಹಿಂದಿನವರು ಒಂದು ಉಪಾಯ ಕಂಡುಕೊಂಡಿದ್ದರು: ಗಂಟಲಮಣಿಯ ಕೆಳಗೆ ಉಂಗುರದಂತಿರುವ ಮೆದು ಮೂಳೆಯನ್ನು ಒಬ್ಬರು ಹೆಬ್ಬೆರಳು ತೋರುಬೆರಳಿನಿಂದ ಹಿಂದಕ್ಕೆ ಒತ್ತಿ ಹಿಡಿಯಬೇಕು. ಹಿಂಬದಿಯ ಅನ್ನನಾಳ ಮುಚ್ಚುತ್ತದೆ, ಮೇಲೆ ಬರುವುದು ಅಲ್ಲೇ ನಿಲ್ಲುತ್ತದೆ ಎಂಬುದು ಅವರ ಎಣಿಕೆ. ಈ ಒತ್ತುವ ಕೆಲಸದಲ್ಲಿ ನಮ್ಮ ಅಕ್ಕ ಎತ್ತಿದ ಕೈ. ಹೊಸದಾಗಿ ಸೇರಿದ ನರ್ಸುಗಳಿಗೆ ಆಕೆ ಅಡುಗೆಮನೆಯ ತಕ್ಕಡಿಯ ಮೇಲೆ ಬೆರಳಿಡಿಸಿ ಪಾಠ ಹೇಳುತ್ತಿದ್ದಳು.

“ಇಷ್ಟು ಒತ್ತಬೇಕು, ನೋಡು. ಇದಕ್ಕಿಂತ ಹೆಚ್ಚು ಒತ್ತಿದ್ರೆ ಅದು ಸೇವೆ ಅಲ್ಲ, ಸೇಡು.”

ಹೀಗೆ ಒತ್ತುವ ಪ್ರತಿಯೊಂದು ಸಲವೂ ಆಕೆ ಮನಸ್ಸಿನೊಳಗೆ ಒಂದೇ ಮಾತಿನ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು: “ಒಡೆಯಾ, ಈ ಬೆರಳು ನಿನ್ನದು.” ಬೆರಳು ಒಡೆಯನದೇ ಆಗಿತ್ತೇನೋ ಸರಿ; ಆದರೆ ಅದರ ಹೆಮ್ಮೆ ಮಾತ್ರ ಮೆಲ್ಲಮೆಲ್ಲಗೆ ಅಕ್ಕನದಾಗಿತ್ತು. ಸೇವೆಯೆಂಬ ಹಸನಾದ ಮರದಲ್ಲಿಯೂ ಅಹಂಕಾರ ತನ್ನ ಪುಟ್ಟ ಗೂಡನ್ನು ಕಟ್ಟುತ್ತದೆ, ಮತ್ತು ಆ ಗೂಡು ಇರುವುದು ಮರಕ್ಕೇ ಗೊತ್ತಾಗುವುದಿಲ್ಲ.

ಗೊತ್ತಾದದ್ದು ವಿಭಾಗದ ಮುಖ್ಯಸ್ಥೆ ಒಂದು ಅಧ್ಯಯನವನ್ನು ಕೈಗೆತ್ತಿಕೊಂಡಾಗ. ಆಕೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅಕ್ಕನಿಗಿಂತ ಬಹಳ ಚಿಕ್ಕವಳು. ಕಲಿಯಲು ಬಂದಿದ್ದಾಗ ರೋಗಿಯ ತಲೆಯ ಬಳಿ ದಿಕ್ಕುತೋಚದೆ ನಿಂತು ಅಕ್ಕನಿಂದ ಸಮಾಧಾನ ಹೇಳಿಸಿಕೊಂಡವಳು. ಈಗ ಅವಳೇ ಅಕ್ಕನನ್ನು ಕೂರಿಸಿಕೊಂಡು ಹೇಳಿದಳು:

“ಅಕ್ಕ, ಬೇರೆ ಬೇರೆ ಕಡೆ ಪ್ರಶ್ನೆ ಎದ್ದಿದೆ. ಈ ಒತ್ತೋದರಿಂದ ನಿಜವಾಗ್ಲೂ ಉಪಯೋಗ ಇದೆಯಾ, ಇಲ್ವಾ ಅಂತ. ಇಲ್ಲ ಅಂತಾನೂ ಹೇಳ್ತಿದ್ದಾರೆ. ನಾವೂ ನಮ್ಮಲ್ಲಿ ನೋಡೋಣ ಅಂತಿದ್ದೀನಿ.”

“ನೋಡೋದೇನಿದೆ? ನನ್ನನ್ನ ಕೇಳಿದ್ರೆ ಹೇಳ್ತಿದ್ನಲ್ಲ.”

“ನಿಮ್ಮನ್ನ ಕೇಳಿದ್ರೆ ಇದೆ ಅಂತೀರಿ. ಗಡ್ಡದ ಡಾಕ್ಟರನ್ನ ಕೇಳಿದ್ರೆ ಇಲ್ಲ ಅಂತಾರೆ. ಇಬ್ಬರನ್ನೂ ಕೇಳದೆ ತಿಳ್ಕೊಳ್ಳೋ ದಾರಿ ಬೇಕು ನನಗೆ.”

ಗಡ್ಡದ ಡಾಕ್ಟರೆಂದರೆ ಆ ಕೋಣೆಯಲ್ಲಿ ಹೆಚ್ಚಾಗಿ ನಳಿಕೆ ಇಳಿಸುತ್ತಿದ್ದವನು. ದಾರಿ ಹೀಗಿತ್ತು. ರೋಗಿಯ ಕೊರಳಿನ ಮೇಲೆ ಬಟ್ಟೆಯ ಮರೆ ಬೀಳುತ್ತದೆ. ಅಕ್ಕನ ಕೈ ಮರೆಯೊಳಗೆ ಹೋಗುತ್ತದೆ. ಒಳಹೋಗುವ ಮುನ್ನ ಅಂಗೈಯಗಲದ ಒಂದು ಯಂತ್ರ, ಆಕೆಯೊಬ್ಬಳಿಗೆ ಮಾತ್ರ ಕಾಣುವಂತೆ, ‘ಒತ್ತು’ ಎಂದೋ ‘ಖಾಲಿ ಕೈ’ ಎಂದೋ ತೋರಿಸುತ್ತದೆ. ಚೀಟಿ ಎತ್ತಿದಂತೆ, ಯಾರ ಇಷ್ಟವೂ ಅಲ್ಲಿ ನಡೆಯುವುದಿಲ್ಲ. ‘ಖಾಲಿ ಕೈ’ ಬಂದರೆ ಬೆರಳು ಕೊರಳ ಮೇಲೆ ಸುಮ್ಮನೆ ಇರಬೇಕು, ಒತ್ತಬಾರದು. ಆದರೆ ನೋಡುವವರಿಗೆ ಒತ್ತಿದಂತೆಯೇ ಕಾಣಬೇಕು. ನಳಿಕೆ ಇಳಿಸುವವನಿಗೆ ದಾರಿ ಕಾಣದಿದ್ದರೆ “ಕೈ ತೆಗೀರಿ” ಎನ್ನಬಹುದು; ಆಗ ಒತ್ತಿರಲಿ ಬಿಡಲಿ, ಕೈ ಹೊರಗೆ ಬರಬೇಕು. ರೋಗಿಯ ಮನೆಯವರು ಒಪ್ಪದೆ ಯಾವುದೂ ಇಲ್ಲ. ಮೇಲೊಂದು ಸಮಿತಿ ಎಲ್ಲವನ್ನೂ ಅಳೆದು ಸುರಿದು ನೋಡಿ ಅಸ್ತು ಎಂದಿತ್ತು.

ಅಕ್ಕ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಕೇಳಿದಳು: “ಒತ್ತದೆ ಒತ್ತಿದ ಹಾಗೆ ನಟಿಸೋದು ಸುಳ್ಳಲ್ವಾ, ಡಾಕ್ಟರಮ್ಮ? ನಾನು ಪ್ರಾರ್ಥನೆ ಮಾಡೋ ಕೈ ಇದು.”

ಡಾಕ್ಟರಮ್ಮ ನಗಲಿಲ್ಲ. ಆ ಪ್ರಶ್ನೆಗೆ ನಗದಿದ್ದದ್ದು ಅವಳ ದೊಡ್ಡ ಗುಣ. “ಮೋಸ ಹೋಗೋರಿಗೆ ಗೊತ್ತಿಲ್ದೆ ಮಾಡಿದ್ರೆ ಸುಳ್ಳು. ಇಲ್ಲಿ ನಾವೆಲ್ಲ ಗೊತ್ತಿದ್ದೇ ಕಣ್ಣಿಗೆ ಬಟ್ಟೆ ಕಟ್ಕೊಳ್ತಿದ್ದೀವಿ. ಬಟ್ಟೆ ಕಟ್ಟದೆ ಇರೋದು ನೀವೊಬ್ಬರೇ. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಸುಳ್ಳು ಹೇಳೋಕೆ ಬಾರದವರೇ ಬೇಕು ನನಗೆ.”

ಅಕ್ಕ ಒಪ್ಪಿದಳು. ಒಪ್ಪುವಾಗ ಒಳಗೊಳಗೆ ಆಕೆಗಿದ್ದ ನಂಬಿಕೆಯೇ ಬೇರೆ: ನಾಲ್ಕು ದಿನ ನೋಡಲಿ, ಬೆರಳಿಲ್ಲದೆ ನಡೆಯುವುದಿಲ್ಲವೆಂದು ಅವರಿಗೇ ತಿಳಿಯುತ್ತದೆ.

ಕೊರಳಿನ ಮರೆಯ ಬಟ್ಟೆಯನ್ನು ಹೊಲಿದುಕೊಟ್ಟವನು ಆಕೆಯ ಗಂಡ. ಆತ ದರ್ಜಿ; ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಳಗೆ ಬಾಗುವ ತಂತಿಯಿಟ್ಟು, ಕೈ ತೂರಿಸಲು ತೋಳಿನಂತೆ ಒಂದು ಬಾಯಿ ಬಿಟ್ಟು, ಕುದಿಸಿ ಒಗೆಯಲು ಬರುವ ದಪ್ಪ ಹತ್ತಿ ಬಟ್ಟೆಯಲ್ಲಿ ಆತ ಅದನ್ನು ಹೊಲಿದ. ಅಂಗಿ ಹೊಲಿಸಿಕೊಳ್ಳಲು ಬಂದವರು ಅದೇನೆಂದು ಕೇಳಿದರೆ ಗಂಭೀರವಾಗಿ, “ಒಂದೇ ತೋಳಿನ ಅಂಗಿ. ಹೊಸ ಫ್ಯಾಷನ್ನು” ಎನ್ನುತ್ತಿದ್ದ. ಹೊಲಿದು ಮುಗಿದ ಮೇಲೆ ಅಭ್ಯಾಸಕ್ಕೆ ಬೊಂಬೆಯಾಗಿ ಬೆಂಚಿನ ಮೇಲೆ ಅಂಗಾತ ಮಲಗಿದವನೂ ಅವನೇ. ಅಕ್ಕ ಮರೆಯೊಳಗೆ ಕೈಯಿಟ್ಟು, ಭುಜವನ್ನು ಬಿಗಿದು, ಬೆರಳನ್ನು ಸಡಿಲ ಬಿಡುವುದನ್ನು ಕಲಿತಳು.

“ಏನೇ, ಈಗ ಒತ್ತಿದ್ಯಾ, ಇಲ್ವಾ?”

“ನೀವೇ ಹೇಳಿ.”

“ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಿನ್ನ ಮುಖ ನೋಡಿ ಏನಾದ್ರೂ ಗೊತ್ತಾಗಿದ್ಯಾ ನನಗೆ? ಕೊರಳನ್ನ ಕೇಳು, ಅದು ಹೇಳುತ್ತೆ. ಒತ್ತಿಲ್ಲ.”

“ಮಾತಾಡಬೇಡ್ರೀ. ನಿಮಗೆ ಪ್ರಜ್ಞೆ ಇಲ್ಲ.”

“ಅದನ್ನ ಮದುವೆ ದಿನಾನೇ ನಿಮ್ಮಪ್ಪ ಹೇಳಿದ್ರು.”

ಅಧ್ಯಯನ ಮೊದಲಾಯಿತು. ಯಂತ್ರ ‘ಒತ್ತು’ ಎಂದಾಗ ಆಕೆಯ ಎದೆ ಹಗುರ. ‘ಖಾಲಿ ಕೈ’ ಎಂದಾಗ ಕಲ್ಲಿಟ್ಟಂತೆ ಭಾರ. ಆದರೂ ಆಕೆ ಮಾತಿಗೆ ತಪ್ಪಲಿಲ್ಲ. ಬೆರಳು ಸುಮ್ಮನಿದ್ದಾಗ ಪ್ರಾರ್ಥನೆಯ ಮಾತೂ ನಾಲಗೆಗೆ ಬಾರದೆ ಹೋಗುತ್ತಿತ್ತು; ಕೆಲಸವಿಲ್ಲದ ಬೆರಳನ್ನು ಒಡೆಯನಿಗೆ ಹೇಗೆ ಒಪ್ಪಿಸುವುದು? ಗಡ್ಡದ ಡಾಕ್ಟರ್ ಆಕೆಯ ಕಣ್ಣನ್ನು ನೋಡಿ ಊಹಿಸಲು ನೋಡುತ್ತಿದ್ದ. “ಅಕ್ಕ, ನಿಮ್ಮ ಜೊತೆ ಇಸ್ಪೀಟು ಆಡಬಾರದು” ಎಂದು ಸೋತು ಕೈಚೆಲ್ಲುತ್ತಿದ್ದ. ಖಾಲಿ ಕೈಯ ರೋಗಿಗಳಿಗೂ ಏನೂ ಆಗದೆ ನಳಿಕೆ ಇಳಿಯುತ್ತಿತ್ತು. ಅದನ್ನು ಕಂಡು ಸಂತೋಷಪಡಬೇಕಾದಲ್ಲಿ ಆಕೆ ಒಂದೇ ಪ್ರಶ್ನೆಯನ್ನು ಹೊತ್ತು ಮನೆಗೆ ಹೋಗುತ್ತಿದ್ದಳು. ಏನೂ ಆಗದಿದ್ದರೆ, ಇಷ್ಟು ಕಾಲ ತಾನು ಮಾಡಿದ್ದೇನು?

ಹೀಗಿರುವಾಗ ಒಂದು ಮಧ್ಯಾಹ್ನ ಸ್ಟ್ರೆಚರ್ ಮೇಲೆ ಬಸ್ ಕಂಡಕ್ಟರನೊಬ್ಬನನ್ನು ತಂದರು. ಡಿಪೋದಲ್ಲಿ ಹೊಟ್ಟೆತುಂಬ ಊಟ ಮಾಡಿ ಎದ್ದವನು ಕೈಕಾಲು ಸೆಟೆದು ಬಿದ್ದಿದ್ದ. ಸೆಳೆತ ನಿಂತಿತ್ತು, ಪ್ರಜ್ಞೆ ಮರಳಿರಲಿಲ್ಲ, ಉಸಿರು ಗೊರಗೊರ ಎನ್ನುತ್ತ ಕುಂದುತ್ತಿತ್ತು. ಅಕ್ಕ ಮುಖ ನೋಡಿದಳು. ಆಕೆ ದಿನವೂ ಬರುವ ಬಸ್ಸಿನವನೇ. “ಅಕ್ಕನಿಗೆ ಜಾಗ ಬಿಡ್ರಪ್ಪ, ನಾಳೆ ನೀವು ಬಿದ್ರೆ ಎತ್ತೋರು ಅವರೇ” ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿ ಸೀಟು ಕೊಡಿಸುತ್ತಿದ್ದವನು.

ಹಿಂದೆಯೇ ಆತನ ಹೆಂಡತಿ ಓಡಿಬಂದಳು. ಅಕ್ಕ ಎಂದಿನಂತೆ ಅಧ್ಯಯನದ ವಿಷಯವನ್ನು ಅವಳಿಗೆ ಬಿಡಿಸಿ ಹೇಳಿದಳು: ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ, ಒತ್ತಿಯೇ ಮಾಡುತ್ತೇವೆ ಎಂದೂ ಹೇಳಿದಳು. ಆ ಹೆಂಗಸು ಆಕೆಯ ಎರಡೂ ಕೈ ಹಿಡಿದುಕೊಂಡಳು.

“ಬಸ್ಸಿನಲ್ಲಿ ಬರೋ ಅಕ್ಕ ನೀವೇ ಅಲ್ವಾ? ಮನೇಲಿ ನಿಮ್ಮ ವಿಷಯ ಹೇಳ್ತಿರ್ತಾರೆ. ಅಧ್ಯಯನಾನೋ ಇನ್ನೊಂದೋ, ಮಾಡಿ, ನನ್ನ ಒಪ್ಪಿಗೆ ಇದೆ. ನೀವಿದ್ದೀರಲ್ಲ, ಅಷ್ಟು ಸಾಕು.”

ಒಳಗೆ ಎಲ್ಲವೂ ಸಿದ್ಧವಾಗಿತ್ತು. ಅಕ್ಕ ಯಂತ್ರವನ್ನು ನೋಡಿದಳು. ‘ಖಾಲಿ ಕೈ.’

ಆಕೆ ಮರೆಯೊಳಗೆ ಕೈಯಿಟ್ಟಳು. ಬೆರಳಿಗೆ ಕಂಡಕ್ಟರನ ಕೊರಳು ಬಿಸಿಯಾಗಿ ತಾಗಿತು. ಹೊಟ್ಟೆತುಂಬ ಊಟ ಮಾಡಿದ್ದಾನೆ ಎಂಬ ಮಾತು ತಲೆಯಲ್ಲಿ ಗಂಟೆಯಂತೆ ಬಡಿಯುತ್ತಿತ್ತು. ಗಡ್ಡದ ಡಾಕ್ಟರ್ ಔಷಧ ಕೊಡಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ಉಪಕರಣವನ್ನು ಬಾಯಿಯೊಳಕ್ಕೆ ಇಳಿಸಿದ. ಆಗ ಅಕ್ಕನ ಬೆರಳು, ಯಾರನ್ನೂ ಕೇಳದೆ, ಒತ್ತಿತು. ಬೆರಳೇ ಒತ್ತಿತು ಎನ್ನುವುದು ಅಕ್ಕನ ಮೇಲಿನ ಪ್ರೀತಿಯಿಂದ ಹೇಳುವ ಮಾತು, ಒತ್ತಿದವಳು ಆಕೆಯೇ. ಬಟ್ಟೆಯ ಮರೆಯಲ್ಲಿ, ದೇವರೊಬ್ಬನ ಹೊರತು ಯಾರಿಗೂ ಕಾಣದಲ್ಲಿ, ಕೊಟ್ಟ ಮಾತನ್ನು ಮೀರಿ ಒತ್ತಿದಳು.

ಪಕ್ಕದ ಪರದೆಯ ಮೇಲೆ ಗಂಟಲಿನ ಒಳಗು ಮೂಡಿತು. ಶ್ವಾಸನಾಳದ ಬಾಯಿ ಕಾಣಬೇಕಾದಲ್ಲಿ ಒಂದು ಓರೆ ಸೀಳು ಮಾತ್ರ ಇತ್ತು.

“ದಾರಿ ಸರಿಯಾಗಿ ಕಾಣ್ತಿಲ್ಲ” ಎಂದ ಗಡ್ಡದ ಡಾಕ್ಟರ್. ನಳಿಕೆಯ ತುದಿ ಆ ಸೀಳಿಗೆ ತಾಗಿ ಹಿಂದೆ ಸರಿಯಿತು. ಮತ್ತೊಮ್ಮೆ ನೋಡಿದ, ಮತ್ತೆ ಹಿಂದೆ ಸರಿಯಿತು. ರೋಗಿಯ ಆಕ್ಸಿಜನ್ ಮಟ್ಟ ಇಳಿಯುತ್ತಿರುವುದನ್ನು ಅದನ್ನು ಅಳೆಯುವ ಯಂತ್ರದ ದನಿಯೇ ಹೇಳುತ್ತಿತ್ತು. ಅದರ ಸ್ವರ ಮೆಟ್ಟಿಲಿಳಿದಂತೆ ತಗ್ಗುತ್ತ ಹೋಯಿತು. ಅಕ್ಕ ಗಾಬರಿಯಲ್ಲಿ ಇನ್ನೂ ಬಿಗಿಯಾಗಿ ಹಿಡಿದಳು.

“ಅಕ್ಕ, ಕೈ ತೆಗೀರಿ!”

ಆಕೆ ಕೈ ತೆಗೆದಳು. ಪರದೆಯ ಮೇಲೆ, ಆಕೆಯ ಕಣ್ಣೆದುರಿಗೇ, ಆ ಸೀಳು ಅಗಲವಾಗಿ ತೆರೆದುಕೊಂಡಿತು; ಮುಚ್ಚಿದ್ದ ಬಾಗಿಲನ್ನು ಒಳಗಿನವರು ತೆರೆದ ಹಾಗೆ. ನಳಿಕೆ ಸಲೀಸಾಗಿ ಇಳಿಯಿತು. ಎದೆ ಏರಿತು, ಇಳಿಯಿತು. ತಗ್ಗಿದ್ದ ಸ್ವರ ಮತ್ತೆ ಮೇಲೇರಿತು. ಹೊಟ್ಟೆಯಿಂದ ಏನೂ ಬಂದಿರಲಿಲ್ಲ.

“ಇವತ್ತು ಒತ್ತಿದ್ರಿ ಅನ್ನಿಸುತ್ತೆ. ಹೇಳಬೇಡಿ, ಹೇಳಬೇಡಿ” ಎನ್ನುತ್ತ ಗಡ್ಡದ ಡಾಕ್ಟರ್ ಬೆವರೊರೆಸಿಕೊಂಡ. ಯಂತ್ರ ಹೇಳಿದಂತೆಯೇ ಆಕೆ ನಡೆದಿದ್ದಾಳೆಂದು ಅವನು ನಂಬಿದ್ದ. ಆ ನಂಬಿಕೆ ಅಕ್ಕನನ್ನು ಬೈಗುಳಕ್ಕಿಂತ ಹೆಚ್ಚು ಇರಿಯಿತು.

ಕೈ ತೊಳೆಯುವ ತೊಟ್ಟಿಯ ಮುಂದೆ ಆಕೆ ನೀರು ಬಿಟ್ಟುಕೊಂಡು ಬಹಳ ಹೊತ್ತು ನಿಂತಳು. ಯೋಚನೆ ಒಂದರ ಹಿಂದೊಂದು ಬಂತು. ಯಂತ್ರದ ಪಾಲಿಗೆ ಕಂಡಕ್ಟರನು ‘ಖಾಲಿ ಕೈ’ ಗುಂಪಿನವನು. ಅವನಿಗಾದ ತೊಂದರೆ, ತಡ, ತಗ್ಗಿದ ಉಸಿರು, ಎಲ್ಲವೂ ಖಾಲಿ ಕೈಯ ತಲೆಗೆ ಕಟ್ಟಲ್ಪಡುತ್ತದೆ. ನೋಡಿದವರು, ‘ಒತ್ತದಿದ್ದರೆ ಹೀಗಾಗುತ್ತದೆ’ ಎನ್ನುತ್ತಾರೆ. ತಾನು ಬಾಯಿಗೆ ಬೀಗ ಹಾಕಿಕೊಂಡರೆ ಸಾಕು, ತನ್ನ ಬೆರಳು ಗೆಲ್ಲುತ್ತದೆ. ಬಾಯಿ ಬಿಟ್ಟರೆ ತನ್ನ ಬೆರಳಿನ ವಿರುದ್ಧ ತಾನೇ ಸಾಕ್ಷಿ. ರೋಗಿಯ ತಲೆಯ ಬಳಿ ಇಷ್ಟು ವರ್ಷ ನಿಂತಿದ್ದ ಜಾಗವೂ ಹೋಗಬಹುದು. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದಳು. “ಒಡೆಯಾ, ಈ ಬೆರಳು...” ಎಂದು ಆರಂಭಿಸಿದಳು; ಮುಂದಿನ ಮಾತು ಹೊರಡಲಿಲ್ಲ. ಆತನದಲ್ಲದ ಕೆಲಸ ಮಾಡಿ ಬಂದ ಬೆರಳನ್ನು ಆತನದು ಎನ್ನುವುದಾದರೂ ಹೇಗೆ? ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನೇರವಾಗಿ ಡಾಕ್ಟರಮ್ಮನ ಕೋಣೆಗೆ ನಡೆದಳು.

“ಡಾಕ್ಟರಮ್ಮ, ಬಾಗಿಲು ಹಾಕ್ಲಾ?”

“ಯಾಕಕ್ಕ, ಬೈಯೋದಕ್ಕೆ ಬಂದ್ರಾ? ತಾಳಿ, ಟೀ ಕುಡಿದು ಬೈಸ್ಕೊಳ್ತೀನಿ.”

“ಬೈಯೋದಕ್ಕಲ್ಲ, ಬೈಸ್ಕೊಳ್ಳೋದಕ್ಕೆ ಬಂದೆ.”

ಆಕೆ ನಿಂತೇ ಹೇಳಿದಳು. ಕಾರಣಗಳನ್ನು ಹೇಳಲಿಲ್ಲ. ಬಸ್ಸಿನ ಪರಿಚಯವನ್ನೂ ಅವನ ಹೆಂಡತಿ ಕೈ ಹಿಡಿದದ್ದನ್ನೂ ಮುಂದಿಟ್ಟು ಕರುಣೆ ಬೇಡಲಿಲ್ಲ. ಖಾಲಿ ಕೈ ಎಂದಿತ್ತು, ಒತ್ತಿದೆ, ದಾರಿ ಮುಚ್ಚಿತು, ಅಷ್ಟೇ.

ಡಾಕ್ಟರಮ್ಮ ಲೋಟವನ್ನು ಮೇಜಿನ ಮೇಲಿಟ್ಟಳು. “ಎಷ್ಟು ಸಲ ಹೀಗೆ ಮಾಡಿದ್ದೀರಿ?”

“ಇದೊಂದೇ. ದೇವರ ಮೇಲೆ...”

“ಆಣೆ ಬೇಡ ಅಕ್ಕ. ನಿಮ್ಮ ಮಾತು ಸಾಕು.” ಅಧ್ಯಯನದ ಕಡತವನ್ನು ಹತ್ತಿರ ಎಳೆದುಕೊಂಡಳು. “ಇದು ಸಣ್ಣ ತಪ್ಪಲ್ಲ. ಗೊತ್ತಿದೆ ತಾನೇ?”

“ಗೊತ್ತಿದೆ.”

“ಸಮಿತಿಗೆ ತಿಳಿಸಬೇಕು. ಅವರು ಹೇಳೋವರೆಗೆ ನೀವು ಇದರಲ್ಲಿ ಕೈಯಿಡೋ ಹಾಗಿಲ್ಲ. ಆ ಮನೆಯವರಿಗೂ ನೀವೇ ಹೇಳಬೇಕು.”

“ಹೇಳ್ತೀನಿ.”

“ನನಗೆ ಸಿಟ್ಟು ಬಂದಿದೆ.”

“ಬರಲೇಬೇಕು, ಮಗಳೇ.” ಆ ಮಾತು ಬಾಯಿಂದ ತಾನಾಗಿ ಜಾರಿತ್ತು. ಡಾಕ್ಟರಮ್ಮ ಎದ್ದುಬಂದು ಆಕೆಯ ಒದ್ದೆ ಕೈಯನ್ನು ತನ್ನ ಬಿಳಿಯ ಕೋಟಿನ ಅಂಚಿನಿಂದ ಒರೆಸಿದಳು. ಸಿಟ್ಟು ಹೋಗಿರಲಿಲ್ಲ, ಸಿಟ್ಟಿನೊಂದಿಗೇ ಒರೆಸಿದಳು.

ಕಂಡಕ್ಟರನು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಎದ್ದು ಕೂತ. ಗಂಟಲಲ್ಲಿ ನಳಿಕೆ ಇದ್ದುದರಿಂದ ದನಿ ಬಿರುಕುಬಿಟ್ಟಿತ್ತು. ಅಕ್ಕ ಅವನಿಗೂ ಅವನ ಹೆಂಡತಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದಳು. ಹೆಂಡತಿಯ ಮುಖ ಬಿಳಿಚಿತು. ಕಂಡಕ್ಟರನು ಕೊರಳನ್ನು ಸವರಿಕೊಂಡ.

“ನನ್ನ ಕುತ್ತಿಗೆ ನಿಮ್ಮ ಕೈಯಲ್ಲಿ ಸಿಗುತ್ತೆ ಅಂತ ಗೊತ್ತಿದ್ದಿದ್ರೆ, ಹೋದ ತಿಂಗಳು ಒಂದಿನ ಸೀಟು ಸಿಗದೆ ನಿಮ್ಮನ್ನ ನಿಲ್ಲಿಸಿ ಕರ್ಕೊಂಡು ಬಂದಿದ್ದಕ್ಕೆ ಆಗಲೇ ಕಾಲಿಗೆ ಬೀಳ್ತಿದ್ದೆ.”

“ತಮಾಷೆ ಬೇಡಪ್ಪ. ನಾನು ಮಾತು ಮುರಿದೆ.”

“ಒತ್ತಿದ್ದು ಯಾಕೆ? ಬದುಕಲಿ ಅಂತ ತಾನೇ?”

“ಹೌದು. ಆದ್ರೆ ಅದು ಸಾಕಾಗೋದಿಲ್ಲ.”

ಹೆಂಡತಿ ಆಗ ಬಾಯಿ ತೆರೆದಳು. “ನಂಗೆ ಬೇಜಾರಾಗಿದೆ ಅಕ್ಕ, ಸುಳ್ಳು ಹೇಳಲ್ಲ. ಆದ್ರೆ ನೀವು ಹೇಳ್ದೆ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಕೂತ್ಕೊಳ್ಳಿ.” ಎಂದು ಸ್ಟೂಲನ್ನು ಮುಂದಕ್ಕೆ ಎಳೆದಳು. ಅಕ್ಕ ಕೂತಳು, ಕೂತ ಮೇಲೆ ಅತ್ತಳು.

ಸಮಿತಿ ಯೋಚಿಸಿ ತೀರ್ಮಾನ ಹೇಳಿತು. ಚೀಟಿ ಹಾಕಿದಾಗ ಯಾವ ಗುಂಪಿಗೆ ಬಿದ್ದನೋ ಕಂಡಕ್ಟರನು ಅದೇ ಗುಂಪಿನಲ್ಲಿ ಉಳಿಯಬೇಕು. ಮನಸ್ಸಿಗೆ ಬಂದಂತೆ ಜನರನ್ನು ಅತ್ತಿತ್ತ ಸರಿಸಿದರೆ ಅಧ್ಯಯನಕ್ಕೆ ಅರ್ಥವಿಲ್ಲ. ಆದರೆ ನಡೆದದ್ದನ್ನು ಮುಚ್ಚದೆ ಹೇಳಬೇಕು. ಅಕ್ಕನನ್ನು ಮತ್ತೆ ಸೇರಿಸಿಕೊಳ್ಳುವುದು ಮುಖ್ಯಸ್ಥೆಗೆ ಬಿಟ್ಟದ್ದು. ಡಾಕ್ಟರಮ್ಮ ಆಕೆಯನ್ನು ಹಜಾರದಲ್ಲಿ ತಡೆದು ನಿಲ್ಲಿಸಿದಳು.

“ಬರ್ತೀರಾ ಮತ್ತೆ?”

“ನನ್ನನ್ನ ನಂಬ್ತೀರಾ?”

“ತಪ್ಪು ಮಾಡದೆ ಇರೋರು ನನಗೆ ಇನ್ನೂ ಸಿಕ್ಕಿಲ್ಲ. ಮಾಡಿ ಬಂದು ಹೇಳಿದೋರು ನೀವೊಬ್ಬರು ಸಿಕ್ಕಿದ್ದೀರಿ. ನಿಮ್ಮನ್ನ ಬಿಟ್ಟು ಯಾರನ್ನ ನಂಬಲಿ?”

ಅಕ್ಕ ಮತ್ತೆ ತಲೆಯ ಬಳಿ ನಿಂತಳು. ಮೊದಲ ದಿನವೇ ಯಂತ್ರ ‘ಖಾಲಿ ಕೈ’ ಎಂದಿತು. ಬಂದಿದ್ದವಳು ಒಬ್ಬ ಮುದುಕಿ. ಅವಳೂ ಉಂಡು ಎದ್ದವಳೇ. ಮರೆಯೊಳಗೆ ಅಕ್ಕನ ಬೆರಳು ಕೊರಳ ಮೇಲೆ ಗರಿಯಂತೆ ಕೂತಿತ್ತು. ಒತ್ತುವುದು ಸುಲಭ, ಒತ್ತದೆ ನಿಲ್ಲುವುದಕ್ಕೆ ಎಷ್ಟು ಬಲ ಬೇಕೆಂದು ಆಕೆಗೆ ಅಂದು ತಿಳಿಯಿತು. ಆಗ ಬಹಳ ದಿನಗಳಿಂದ ಬಾರದೆ ನಿಂತಿದ್ದ ಪ್ರಾರ್ಥನೆ ಬಂತು, ಬೇರೊಂದು ರೂಪದಲ್ಲಿ: “ಒಡೆಯಾ, ಈಕೆ ನಿನ್ನವಳು.” ಬೆರಳಿನ ಮಾತೇ ಅದರಲ್ಲಿರಲಿಲ್ಲ. ನಳಿಕೆ ಇಳಿಯಿತು.

ವರ್ಷ ತಿರುಗಿ ಅಧ್ಯಯನ ಮುಗಿಯಿತು. ಸಭೆಯ ಕೋಣೆಯಲ್ಲಿ ಡಾಕ್ಟರಮ್ಮ ಫಲಿತಾಂಶ ಓದುವಾಗ ಅಕ್ಕ ಕೊನೆಯ ಸಾಲಿನಲ್ಲಿ ಗಂಡನ ಪಕ್ಕ ಕುಳಿತಿದ್ದಳು. ಮರೆಯ ಬಟ್ಟೆ ಹೊಲಿದವನೆಂದು ಅವನಿಗೂ ಕರೆ ಬಂದಿತ್ತು. ಒತ್ತಿಸಿಕೊಂಡ ರೋಗಿಗಳಿಗೂ ಒತ್ತಿಸಿಕೊಳ್ಳದವರಿಗೂ ಆದ ಅಪಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಂಡುಬಂದಿರಲಿಲ್ಲ. ಒತ್ತಿದಾಗ ಕೆಲವರಲ್ಲಿ ದಾರಿ ಕಾಣುವುದು ಕಷ್ಟವಾಗಿತ್ತು. ಇದೊಂದೇ ಆಸ್ಪತ್ರೆಯ ಅಧ್ಯಯನ, ಕೊನೆಯ ಮಾತಲ್ಲ, ಎಂದು ಹೇಳಿ ಡಾಕ್ಟರಮ್ಮ ಮುಗಿಸಿದಳು. ಆ ನಡುವೆ, ಒಂದು ಸಲ ನಿಯಮ ಮೀರಲಾಗಿತ್ತು, ಮೀರಿದವರೇ ಬಂದು ತಿಳಿಸಿದರು, ಎಂಬ ವಾಕ್ಯವನ್ನೂ ದನಿ ತಗ್ಗಿಸದೆ ಓದಿದಳು.

“ಏನೇ,” ಎಂದ ದರ್ಜಿ ಕಿವಿಯಲ್ಲಿ, “ನಿನ್ನ ಬೆರಳು ಗೆಲ್ತಾ, ಸೋಲ್ತಾ?”

“ಸೋಲ್ತು.”

“ಅಳ್ತಿದ್ದೀಯಾ?”

“ಇಲ್ಲ ರೀ. ಅಷ್ಟೊಂದು ಜನ ಬದುಕಿದ್ದು ನನ್ನ ಬೆರಳಿಂದ ಅಂದ್ಕೊಂಡಿದ್ದೆ. ಅಲ್ವಂತೆ. ಆದ್ರೆ ಅವರು ಬದುಕಿದ್ದು ಸುಳ್ಳಲ್ವಲ್ಲ.”

ಮರುದಿನದಿಂದ ಆ ಕೋಣೆಯ ಕ್ರಮ ಬದಲಾಯಿತು. ನಳಿಕೆ ಇಳಿಸುವವರು ಕೇಳದೆ ಯಾರೂ ಕೊರಳನ್ನು ಒತ್ತುವಂತಿಲ್ಲ. ಬೆಳಿಗ್ಗೆಯೇ ಉಬ್ಬಸ ಕಟ್ಟಿ ಕಪ್ಪಿಟ್ಟ ಒಬ್ಬ ಗಾರೆ ಕೆಲಸದವನು ಬಂದ. ಮೈತುಂಬ ಸಿಮೆಂಟಿನ ಧೂಳು. ಭಯದಿಂದ ಅವನ ಕಣ್ಣು ಕೋಣೆಯನ್ನೆಲ್ಲ ಹುಡುಕುತ್ತಿತ್ತು. ಅಕ್ಕ ತನ್ನ ಹಳೆಯ ಜಾಗದಲ್ಲಿ ನಿಂತಳು. ಅಭ್ಯಾಸಬಲದಿಂದ ಕೈ ಮುಂದಕ್ಕೆ ಹೋಗಿ ನಡುವೆಯೇ ನಿಂತಿತು.

ಗಡ್ಡದ ಡಾಕ್ಟರ್ ಅದನ್ನು ಕಂಡ. “ಅಕ್ಕ, ತಲೆ ಸ್ವಲ್ಪ ಎತ್ತಿ ಹಿಡೀರಿ. ಹಾಗೇ ಅವರ ಜೊತೆ ಮಾತಾಡ್ತಾ ಇರಿ, ಮಂಪರು ಬರೋವರೆಗೂ.”

ಆಕೆ ಎರಡೂ ಅಂಗೈಗಳನ್ನು ಅವನ ತಲೆಯ ಕೆಳಗೆ ತೂರಿಸಿ ಎತ್ತಿದಳು. “ಹೆದರಬೇಡಪ್ಪ, ನಾನಿಲ್ಲೇ ಇದ್ದೀನಿ. ಉಸಿರು ನಾವು ಕೊಡ್ತೀವಿ, ನೀನು ಸುಮ್ನೆ ತಗೋ. ಮನೇಲಿ ಯಾರ್ಯಾರಿದ್ದಾರೆ?”

ಅವನಿಗೆ ಉತ್ತರಿಸಲು ಉಸಿರಿರಲಿಲ್ಲ. ಆದರೆ ಅಲೆಯುತ್ತಿದ್ದ ಕಣ್ಣು ಆಕೆಯ ಮುಖವನ್ನು ಹುಡುಕಿಕೊಂಡು ಬಂದು, ಅಲ್ಲಿಯೇ ನಿಂತು, ಮೆಲ್ಲನೆ ಮುಚ್ಚಿಕೊಂಡಿತು.